ಈಜು ಬಾರದ ಜುಂಜಯ್ಯ

ಹಳೇದಡದ ಜುಂಜಯ್ಯನಿಗೆ ಈಜು ಬರುತ್ತಿರಲಿಲ್ಲ ಎಂಬುದಕ್ಕೆ ಸರ್ಕಾರಿ ದಾಖಲೆ ಇತ್ತು. ಅದನ್ನು ಟೈಪ್ ಮಾಡಿದವನು ನಾನು. ಹಾಗೆ ಟೈಪ್ ಮಾಡುವುದಕ್ಕೆ ಸರಿಯಾಗಿ ಹದಿನೈದು ದಿನ ಮೊದಲು ಅವನು ಮಡುವಿಗೆ ಹಾರಿ ಎರಡು ಎಮ್ಮೆಗಳನ್ನೂ ಒಬ್ಬ ಕಂದಾಯದ ಗುಮಾಸ್ತರನ್ನೂ ದಡಕ್ಕೆ ಎಳೆದು ಹಾಕಿದ್ದನೆಂದು ನನಗೆ ತಿಳಿದದ್ದು ಆಮೇಲೆ. ಎಮ್ಮೆಗಳು ಚೆನ್ನಾಗಿ ಸಹಕರಿಸಿದ್ದವಂತೆ.

ಮಾರಿಕಣಿವೆಯ ಕೆರೆಗೆ ವೇದಾವತಿ ಬಂದು ಸೇರುವ ಒಂದು ಮೂಲೆಯಲ್ಲಿ ಹಳೇದಡ. ಇತ್ತ ಹಿರಿಯೂರು ತಾಲ್ಲೂಕು, ಅತ್ತ ಹೊಸದುರ್ಗ ತಾಲ್ಲೂಕು. ಅಣೆಕಟ್ಟು ಎದ್ದು ಕೆರೆ ತುಂಬಿದ ವರ್ಷ ನಡುವಿನ ಗಾಡಿದಾರಿ ಮುಳುಗಿಹೋಯಿತು. ಜನ ಗೋಗರೆದಾಗ ಆಗಿನ ಸರ್ಕಾರ ಒಂದು ದೋಣಿಯನ್ನೂ ಒಂದು ಹಗ್ಗವನ್ನೂ ಕೊಟ್ಟು ಕೈ ತೊಳೆದುಕೊಂಡಿತು. ತೊಳೆಯಲು ನೀರಿಗೇನೂ ಕೊರತೆಯಿರಲಿಲ್ಲ. ಆ ದೋಣಿಗೆ ಹುಟ್ಟಿರಲಿಲ್ಲ. ಸಾವಿತ್ತು, ಅದನ್ನು ಮುಂದೆ ಹೇಳುತ್ತೇನೆ. ಈ ದಡದ ಹುಣಸೆಮರದಿಂದ ಆ ದಡದ ಕಲ್ಲುಕಂಬಕ್ಕೆ ತೆಂಗಿನ ನಾರಿನ ಹಗ್ಗ, ಎಂಬತ್ತು ಮಾರು ಉದ್ದ. ದೋಣಿಯ ಅಂಚಿನಲ್ಲಿದ್ದ ಕಬ್ಬಿಣದ ಬಳೆಯೊಳಗೆ ಅದು ತೂರಿಕೊಂಡಿರುತ್ತಿತ್ತು. ಜುಂಜಯ್ಯ ದೋಣಿಯ ಮೂತಿಯಲ್ಲಿ ನಿಂತು ಹಗ್ಗ ಹಿಡಿದು ಎಳೆಯುತ್ತ ಹಿಂದಿನ ತುದಿಯವರೆಗೆ ನಡೆಯುತ್ತಿದ್ದ. ಬಿಟ್ಟು ಮತ್ತೆ ಮೂತಿಗೆ ಬರುತ್ತಿದ್ದ. ಕೂತವರು ಊರು ದಾಟುತ್ತಿದ್ದರು. ಅವನು ಮಾತ್ರ ದಿನವಿಡೀ ನಡೆದೂ ನಡೆದೂ ದೋಣಿಯಲ್ಲೇ ಇರುತ್ತಿದ್ದ.

ಅವನ ತಾತ ಎಳೆದ ಹಗ್ಗ, ಅಪ್ಪ ಎಳೆದ ಹಗ್ಗ. ನಾನು ನೋಡುವ ಹೊತ್ತಿಗೆ ಅವನಿಗೆ ಐವತ್ತರ ಹತ್ತಿರ. ಅಂಗೈ ಮುಟ್ಟಿದರೆ ಅಂಗಾಲು ಮುಟ್ಟಿದಂತಾಗುತ್ತಿತ್ತು. ಸುಗ್ಗಿಯಲ್ಲಿ ಎರಡೂ ದಡದ ಊರಿನವರು ಕಣದಿಂದ ಕೊಡುತ್ತಿದ್ದ ರಾಗಿಯಲ್ಲಿ ಅವನೂ ಹೆಂಡತಿ ಮುದ್ದಕ್ಕನೂ ಬದುಕುತ್ತಿದ್ದರು. ಮಕ್ಕಳಿರಲಿಲ್ಲ. "ದೋಣಿ ಐತಲ್ಲ ಸಾಮಿ, ಅದೂ ಕೂಸಿನಂಗೇ. ಯಾವಾಗ್ಲೂ ತಳ ಒದ್ದೆ," ಎಂದು ಮುದ್ದಕ್ಕ ನಗಿಸುತ್ತಿದ್ದಳು.

ನಾನು ಆಗ ಅಣೆಕಟ್ಟಿನ ಬಳಿಯ ಸೆಕ್ಷನ್ ಆಫೀಸಿನಲ್ಲಿ ಟೈಪಿಸ್ಟ್. ದುರ್ಗದ ಕಾನ್ವೆಂಟಿನ ಸಿಸ್ಟರುಗಳು ನನಗೆ ಕಲಿಸಿದ್ದು ಎರಡೇ ಪಾಠ: ಸ್ಪೆಲಿಂಗ್ ತಪ್ಪಬಾರದು, ಸುಳ್ಳು ಹೇಳಬಾರದು. ಮೊದಲನೆಯದನ್ನು ಇವತ್ತಿನವರೆಗೂ ಪಾಲಿಸಿಕೊಂಡು ಬಂದಿದ್ದೇನೆ.

ಎಪ್ಪತ್ಮೂರನೆಯ ಇಸವಿಯಲ್ಲಿ ನಮ್ಮ ಕೆರೆಯ ಊರು ಪ್ರವಾಸಿ ತಾಣವಾಗಬೇಕೆಂದು ಮೇಲಿನಿಂದ ಆಜ್ಞೆಯಾಯಿತು. ಬಂಗಲೆಗೆ ಸುಣ್ಣ ಬಂತು, ತೋಟಕ್ಕೆ ಸಿಮೆಂಟಿನ ಜಿಂಕೆ ಬಂತು. ಭಾನುವಾರ ದುರ್ಗದಿಂದ, ದಾವಣಗೆರೆಯಿಂದ ಚಿತ್ರಾನ್ನದ ಡಬ್ಬಿಗಳು ಬಂದವು. ಯಾರೋ ದೊಡ್ಡವರು ಹಳೇದಡದ ದೋಣಿಯನ್ನು ಕಂಡು ಬಹಳ ಮೆಚ್ಚಿದರು. ಮರುವಾರವೇ ಹುಣಸೆಮರಕ್ಕೆ ಹಳದಿ ಬೋರ್ಡ್ ಬಿತ್ತು. ಕೈಯಿಂದ ಎಳೆಯುವ ಐತಿಹಾಸಿಕ ದೋಣಿ ಎಂದು ಇಂಗ್ಲಿಷಿನಲ್ಲಿ.

"ಏನಂತ ಬರ್ದೈತೆ ಸಾಮಿ?" ಎಂದ ಜುಂಜಯ್ಯ.

"ದೋಣಿ ಬಹಳ ಹಳೇದು ಅಂತ."

"ಅದಕ್ಯಾಕೆ ಬೋಲ್ಡು? ತೂತು ನೋಡಿದ್ರೆ ಗೊತ್ತಾಗಕಿಲ್ವಾ?"

ಬೋರ್ಡಿನ ಹಿಂದೆಯೇ ಕಾಗದವೂ ಬಂತು. ದೋಣಿ ಇನ್ನು ಇಲಾಖೆಯದು. ದಾಟುವವರಿಗೆ ಟಿಕೆಟ್ಟು. ದೋಣಿ ಎಳೆಯುವುದಕ್ಕೆ ಒಂದು ಹುದ್ದೆ, ಖಾಕಿ ಬಟ್ಟೆ, ತಿಂಗಳ ಸಂಬಳ. ಹುದ್ದೆ ಯಾರಿಗೆ ಸಿಗುತ್ತದೋ ಅವರೊಬ್ಬರೇ ಹಗ್ಗ ಮುಟ್ಟಬೇಕು. ಬೇರೆಯವರು ಮುಟ್ಟಿದರೆ ಅತಿಕ್ರಮಣ. ಅಂದರೆ ಹುದ್ದೆ ಸಿಕ್ಕರೆ ಜುಂಜಯ್ಯನ ಮುದ್ದೆಗೆ ಚಿಂತೆಯಿಲ್ಲ. ಸಿಗದಿದ್ದರೆ ತಾತನ ಕಾಲದ ಹಗ್ಗ ಕೈಬಿಟ್ಟು, ಮೂರು ತಲೆಮಾರಿನಿಂದ ಬೇರೇನೂ ಕಲಿಯದ ಕೈಯನ್ನು ಹೊತ್ತುಕೊಂಡು ಅವನು ಊರು ಬಿಡಬೇಕು.

ಸಂದರ್ಶನ ಬಂಗಲೆಯ ವರಾಂಡದಲ್ಲಿ ನಡೆಯಿತು. ಮೈಸೂರು ಕಡೆಯ ನಮ್ಮ ಇಂಜಿನಿಯರ್ ಸಾಹೇಬರು ಮೇಜಿನ ಆಚೆ, ಓವರ್‌ಸಿಯರ್ ಮೂರ್ತಪ್ಪ ಪಕ್ಕದಲ್ಲಿ, ನಾನು ಟೈಪ್‌ರೈಟರ್ ಮುಂದೆ. ಅರ್ಜಿ ಹಾಕಿದವರು ಇಬ್ಬರು. ಒಬ್ಬ ಜುಂಜಯ್ಯ. ಇನ್ನೊಬ್ಬ ಹಿರಿಯೂರಿನ ಹುಡುಗ ಗೊಲ್ಲಪ್ಪ. ಯಾವುದೋ ಕ್ರೀಡಾಕೂಟದಲ್ಲಿ ಈಜಿ ಗೆದ್ದ ಬೆಳ್ಳಿಬಣ್ಣದ ಕಪ್ಪನ್ನು ಟವಲಿನಲ್ಲಿ ಸುತ್ತಿ ತಂದಿದ್ದ. ದೋಣಿಯನ್ನು ಅವನು ಆವರೆಗೆ ಕ್ಯಾಲೆಂಡರಿನಲ್ಲಷ್ಟೇ ನೋಡಿದ್ದ.

ಹೆಸರು, ವಯಸ್ಸು, ಎದೆಯ ಸುತ್ತಳತೆ ಆಯಿತು. ಸಾಹೇಬರು ಫಾರಂ ನೋಡಿಕೊಂಡು ಕೇಳಿದರು: "ಈಜು ಬರುತ್ತೇನಯ್ಯ?"

ಜುಂಜಯ್ಯ ಕೈಮುಗಿದ. "ಇಲ್ಲ ಸಾಮಿ."

"ಏನು? ದೋಣಿ ನಡೆಸೋನಿಗೆ ಈಜು ಬರಲ್ವಾ?"

"ಬರಾಕಿಲ್ಲ ಸಾಮಿ. ಅವ್ವ ದಾಟಿಸ್ತಾಳೆ."

"ನಿಮ್ಮವ್ವ ಅರ್ಜಿ ಹಾಕಿಲ್ಲವಲ್ಲಯ್ಯ," ಎಂದರು ಸಾಹೇಬರು. ಮೂರ್ತಪ್ಪ ನಕ್ಕ. ಸಾಹೇಬರು ನಕ್ಕಾಗ ನಗುವುದು ಅವನ ಕೆಲಸದ ಭಾಗವಾಗಿತ್ತು. ನಾನೂ ನಕ್ಕೆ, ನನ್ನ ಕೆಲಸದ ಭಾಗವಲ್ಲದಿದ್ದರೂ. ನಕ್ಕು, ಆ ಖಾನೆಯಲ್ಲಿ 'ನೋ' ಎಂದು ಹೊಡೆದೆ. ಎರಡೇ ಅಕ್ಷರ, ಸ್ಪೆಲಿಂಗ್ ಸರಿಯಾಗಿತ್ತು.

ಎರಡು ದಿನ ಕಳೆದು ಹೊಸದುರ್ಗಕ್ಕೆ ಹೋಗುವ ಕೆಲಸ ಬಿತ್ತು. ಮೂರ್ತಪ್ಪನೂ ನಾನೂ ಹಳೇದಡದಲ್ಲಿ ದೋಣಿ ಹತ್ತಿದೆವು. ನಡುನೀರಿನಲ್ಲಿ ನಾನು ಸುಮ್ಮನಿರಲಾರದೆ ಕೇಳಿದೆ: "ಅಲ್ಲಾ ಜುಂಜಯ್ಯ, ಇಷ್ಟು ನೀರಿನ ಮೇಲೆ ದಿನಾ ಓಡಾಡ್ತೀಯ. ನಿಜವಾಗ್ಲೂ ಈಜು..."

"ಸಾಮಿ, ಬಾಯಿ ಮುಚ್ಕಳ್ರಿ!" ಎಂದಳು ಮುದ್ದಕ್ಕ. ಅವಳು ತಳದ ನೀರನ್ನು ತಂಬಿಗೆಯಲ್ಲಿ ಹೊರಗೆ ಚೆಲ್ಲುತ್ತ ಕೂತಿದ್ದಳು. "ನೀರಿನ ಮ್ಯಾಲೆ ಆ ಮಾತು ಎತ್ತಬ್ಯಾಡ್ರಿ. ದಡ ಸೇರ್ಲಿ, ಹೇಳ್ತೀನಿ."

ದಡ ಸೇರಿ ಕಲ್ಲುಕಂಬದಿಂದ ಇಪ್ಪತ್ತು ಹೆಜ್ಜೆ ದೂರ ಕರೆದೊಯ್ದು, ದನಿ ತಗ್ಗಿಸಿ ಹೇಳಿದಳು. ದೋಣಿ ಹಿಡಿದ ಮನೆಯವರು ಈಜು ಬರುತ್ತದೆಂದು ಬಾಯಿಬಿಟ್ಟು ಹೇಳುವಂತಿಲ್ಲ. ಈಜಬಹುದು, ಮುಳುಗಿದವರನ್ನು ಎತ್ತಬಹುದು, ಕೇಳಿದರೆ ಮಾತ್ರ ಇಲ್ಲ ಅನ್ನಬೇಕು. "ಗಂಗವ್ವನ ಮುಂದೆ ನಂಗೆ ಬರ್ತೈತೆ ಅಂದ್ರೆ, ಹೌದಾ ಮಗನೆ, ತೋರ್ಸು ಅಂತಾಳೆ. ನಮ್ಮ ಚಿಕ್ಕಮಾವ ಹೆಂಡದ ಅಂಗಡೀಲಿ ಅಂದಿದ್ದ, ಈ ಕೆರೆನಾಗೆ ನನ್ನ ಮೀರ್ಸೋನು ಯಾವನು ಅಂತ. ಮುಂದಿನ ವಾರ ಮೊಣಕಾಲುದ್ದ ನೀರ್ನಾಗೆ ಮಕಾಡೆ ಬಿದ್ದು ಸತ್ತ."

"ಹೆಂಡ ಕುಡಿದು ಬಿದ್ದನೋ ಏನೋ," ಎಂದ ಮೂರ್ತಪ್ಪ.

"ಕುಡಿಯೋದು ದಿನಾ ಕುಡೀತಿದ್ದ. ಹೇಳಿದ್ದು ಅವತ್ತೊಂದೇ ದಿನ," ಎಂದಳು ಮುದ್ದಕ್ಕ.

ಎಮ್ಮೆಗಳ ಕಥೆ, ಗುಮಾಸ್ತರ ಕಥೆ, ಅದಕ್ಕೂ ಹಿಂದಿನ ಒಂಬತ್ತು ಜನರ ಕಥೆ ನಾನು ಕೇಳಿದ್ದು ಅಲ್ಲೇ. ಕೇಳಿ ನನಗೆ ಉಪಕಾರದ ಹುಚ್ಚು ಹತ್ತಿತು. ಓದಿದವರಿಗೆ ಬರುವ ಕಾಯಿಲೆ ಅದು. ತಾವು ನರಳುವುದಿಲ್ಲ, ಪಕ್ಕದವರನ್ನು ನರಳಿಸುತ್ತಾರೆ. ಫೈಲು ಇನ್ನೂ ಸಾಹೇಬರ ಮೇಜಿನ ಮೇಲೇ ಇತ್ತು. ಜುಂಜಯ್ಯ ಅವರ ಎದುರು ನಿಂತು 'ಬರುತ್ತೆ' ಎಂಬ ಒಂದು ಮಾತು ಹೇಳಿದರೆ ಸಾಕು, ತಿದ್ದಬಹುದು ಎಂದೆ.

"ಅವ್ನು ಹೇಳಾಕಿಲ್ಲ," ಎಂದಳು ಮುದ್ದಕ್ಕ. "ನಾನು ಹರಿಯಬ್ಬೆ ಹೆಣ್ಮಗಳು, ಈ ಮನೆ ಕಟ್ಟು ನಂಗಿಲ್ಲ. ಬಾವೀಲಿ ಬಿದ್ದು ಎದ್ದು ಕಲ್ತೋಳು. ನಂಗೆ ಬರ್ತೈತೆ. ಹಗ್ಗಾನೂ ಎಳೀತೀನಿ. ನನ್ನ ಹೆಸ್ರು ಬರ್ಕಳ್ರಿ."

ಮೂರ್ತಪ್ಪ ಬಿದ್ದು ಬಿದ್ದು ನಕ್ಕ. "ಖಾಕಿ ಚಡ್ಡಿ ಹಾಕ್ಕಂತೀಯೇನಕ್ಕ?"

"ನೀನು ಹಾಕ್ಕಂಡಿಲ್ವೇನಪ್ಪ? ಅದರಾಗೆ ನಿಂಗೇನು ಬಂತು?" ಎಂದಳು. ನಾನು ಅವತ್ತೂ ನಕ್ಕೆ. ಹೆಂಗಸಿನ ಹೆಸರು ಬರೆಯಲು ಫಾರಂನಲ್ಲಿ ಅಡ್ಡಿಯೇನಿತ್ತು ಎಂದು ಆಮೇಲೆ ಹುಡುಕಿ ನೋಡಿದೆ. ಏನೂ ಇರಲಿಲ್ಲ.

ಜುಂಜಯ್ಯನನ್ನು ಒಪ್ಪಿಸಲು ಮೂರು ಸಂಜೆ ಹಿಡಿಯಿತು. ಎರಡು ದಡದ ನಡುವೆ ಇಂಗ್ಲಿಷ್ ಕಲಿತ ಒಬ್ಬ ದಡ್ಡ ಓಡಾಡಿದ್ದೇ ಓಡಾಡಿದ್ದು. "ಸುಳ್ಳು ಹೇಳು ಅಂತಿಲ್ಲವಲ್ಲ ಮಾರಾಯ, ನಿಜಾನೇ ಹೇಳು ಅಂತಿದೀನಿ. ನೀರಿನ ಹತ್ತಿರಾನೂ ಬೇಡ. ಬಂಗಲೇಲಿ, ನಾಲ್ಕು ಗೋಡೆ ಮಧ್ಯೆ. ಗಂಗವ್ವನಿಗೆ ಹೇಗೆ ಕೇಳುತ್ತೆ?"

"ಬಂಗಲೇಲಿ ಕೊಳಾಯಿ ಐತೆ ಸಾಮಿ," ಎಂದ ಜುಂಜಯ್ಯ.

ಅದೂ ಸರಿಯೇ, ಕೊಳಾಯಿಯ ನೀರು ಕೆರೆಯದೇ. ಅವನು ಒಪ್ಪಿ ಬಂಗಲೆಗೆ ಬಂದ ದಿನ ಕಾವಲುಗಾರನಿಗೆ ಹೇಳಿ ತೊಟ್ಟಿಯ ಹತ್ತಿರವೇ ಕೊಳಾಯಿ ನಿಲ್ಲಿಸಿದೆ. ಎಲ್ಲ ಸರಿಯಾಯಿತು ಅಂದುಕೊಂಡು ಒಳಗೆ ಹೋದರೆ ಸಾಹೇಬರ ಮೇಜಿನ ಮೇಲೆ ಒಂದು ಲೋಟ ನೀರು. ಅದನ್ನು ನಾನೂ ನೋಡಿದೆ, ಜುಂಜಯ್ಯನೂ ನೋಡಿದ.

"ಏನಯ್ಯ, ಈಗ ಬಂತಂತೆ ಈಜು?" ಎಂದರು ಸಾಹೇಬರು.

ಅವನು ಸಾಹೇಬರ ಕಡೆ ನೋಡಲಿಲ್ಲ. ಲೋಟದ ಕಡೆ ನೋಡುತ್ತ, ತಪ್ಪೊಪ್ಪಿಕೊಳ್ಳುವವನಂತೆ ಅಂದ: "ಬರ್ತೈತೆ."

"ಗುಡ್," ಎಂದು ಸಾಹೇಬರು ಆ ನೀರನ್ನು ಗಟಗಟ ಕುಡಿದರು. ನಾನು 'ನೋ' ಹೊಡೆದುಹಾಕಿ 'ಯಸ್' ಎಂದು ಟೈಪ್ ಮಾಡಿದೆ. ಅವರು ಸಹಿ ಹಾಕಿ ನನ್ನ ಕಡೆ ಬೆರಳು ತೋರಿಸಿದರು: "ಇನ್ನೊಂದು ಸಲ ಇದನ್ನ ತಿದ್ದಿಸೋಕೆ ಬಂದರೆ, ಟೈಪ್‌ರೈಟರ್ ಜೊತೆ ನಿನ್ನನ್ನೂ ಮೂಟೆ ಕಟ್ಟಿ ಕಳಿಸ್ತೀನಿ."

ಹುದ್ದೆ ಸಿಕ್ಕಿತು. ಖಾಕಿ ಬಟ್ಟೆ ಬಂತು. ಗೊಲ್ಲಪ್ಪ ಕಪ್ಪನ್ನು ಟವಲಿನಲ್ಲಿ ಸುತ್ತಿಕೊಂಡು ವಾಪಸು ಹೋದ. ನನಗೆ ಒಂದು ವಾರ ಊಟ ಬಹಳ ರುಚಿಯಾಗಿತ್ತು.

ಎಂಟನೆಯ ದಿನ ಮುದ್ದಕ್ಕ ಆಫೀಸಿಗೆ ಬಂದಳು. ಬಾಗಿಲಲ್ಲೇ ನಿಂತು, "ಬಂದು ನೋಡ್ರಿ ನಿಮ್ಮ ನೌಕರನ್ನ," ಎಂದಳು.

ಹೋಗಿ ನೋಡಿದೆ. ಜುಂಜಯ್ಯ ಖಾಕಿ ತೊಟ್ಟು, ಬೆನ್ನಿಗೆ ಒಣಗಿದ ದೊಡ್ಡ ಸೋರೆಬುರುಡೆ ಕಟ್ಟಿಕೊಂಡು ದೋಣಿಯಲ್ಲಿ ನಿಂತಿದ್ದ. ಈಜು ಕಲಿಯುವ ಮಕ್ಕಳಿಗೆ ಕಟ್ಟುತ್ತಾರಲ್ಲ, ಅಂಥದು. ಹತ್ತು ಮಾರು ಎಳೆಯುವಷ್ಟರಲ್ಲಿ ಬೆವೆತುಹೋಗುತ್ತಿದ್ದ. ನೀರಿನ ಕಡೆ ಒಮ್ಮೆ ನೋಡುವುದು, ಕೈ ಸಡಿಲವಾಗುವುದು. ಆ ದಡದ ಕೆಂಚಣ್ಣ ಎಳನೀರು ಮಾರಲು ಬರುವವನು; ಅವನ ಬಾಯಿ ಸುಮ್ಮನಿರುವುದಲ್ಲ.

"ಲೇ ಜುಂಜ, ಬೆನ್ನಿಗೆ ಏನ್ಲೇ ಅದು, ಕೂಸಾ? ಕೊನೆಗೂ ಆತಾ?"

ಹಿಂದಿನ ಜುಂಜಯ್ಯನಾದರೆ ಕೆಂಚಣ್ಣನ ಹುಟ್ಟು, ಮದುವೆ ಎರಡನ್ನೂ ಎತ್ತಿ ಒಗೆಯುತ್ತಿದ್ದ. ಈ ಜುಂಜಯ್ಯ ಬುರುಡೆಯ ಗಂಟು ಬಿಗಿಯಾಗಿದೆಯೇ ಎಂದು ಮುಟ್ಟಿ ನೋಡಿಕೊಂಡ.

ಇನ್ನೊಂದು ತಿಂಗಳಿಗೆ ಅವನು ದೋಣಿ ಹತ್ತುವುದನ್ನೇ ಬಿಟ್ಟ. ಹುಣಸೆಮರದ ಕೆಳಗೆ, ನೀರಿಗೆ ಬೆನ್ನು ಹಾಕಿ ಕೂತು ಟಿಕೆಟ್ಟು ಹರಿದುಕೊಡುತ್ತಿದ್ದ. ಹಗ್ಗ ಎಳೆಯುತ್ತಿದ್ದವಳು ಮುದ್ದಕ್ಕ. ಸೀರೆ ಕಚ್ಚೆ ಕಟ್ಟಿ, ಅಂಗೈಗೆ ಗೋಣಿಚೂರು ಸುತ್ತಿಕೊಂಡು ಅವಳು ಎಳೆಯುತ್ತಿದ್ದರೆ ದೋಣಿ ಗಂಡನ ಕಾಲಕ್ಕಿಂತ ನೆಟ್ಟಗೆ ಹೋಗುತ್ತಿತ್ತು ಎಂದು ಕೆಂಚಣ್ಣನೇ ಹೇಳಿದ. ಎರಡೂ ದಡದವರಿಗೆ ವಿಷಯ ಗೊತ್ತಿತ್ತು. ಯಾರೂ ಆಫೀಸಿಗೆ ಮುಟ್ಟಿಸಲಿಲ್ಲ. ನಾನೂ ಮುಟ್ಟಿಸಲಿಲ್ಲ. ಸುಮ್ಮನಿರುವುದು ಒಂದು ಉಪಕಾರ ಎಂದು ಗೊತ್ತಿದ್ದರೆ ಮೊದಲೇ ಮಾಡುತ್ತಿದ್ದೆ.

ಗಂಗವ್ವನಿಗೆ ಕಾಯಿ ಒಡೆದದ್ದಾಯಿತು, ಬಾಗಿನ ಬಿಟ್ಟದ್ದಾಯಿತು. ಏನೂ ಗುಣ ಕಾಣದೆ ಜುಂಜಯ್ಯ ಒಂದು ದಿನ ನನ್ನ ಮೇಜಿನ ಬಳಿ ಬಂದು ನೆಲದ ಮೇಲೆ ಕೂತ. ಕುರ್ಚಿ ತೋರಿಸಿದರೂ ಏಳಲಿಲ್ಲ.

"ಸಾಮಿ, ಆ ಕಾಗದ ತಿದ್ರಿ. ಮೊದ್ಲಿದ್ದಂಗೆ ಇಲ್ಲ ಅಂತ ಬರೀರಿ."

"ಯಾಕಪ್ಪ? ಪೂಜೆ ಮಾಡಿಸಿದೆಯಲ್ಲ?"

"ಬಾಯಾಗೆ ಆಡಿದ್ದು ಗಾಳೀಗೆ ಹೋತು. ಅದಕ್ಕೆ ಕಾಯಿ ಸಾಕು. ನಿಮ್ಮ ಕಾಗದ ಐತಲ್ಲ, ಅದು ದಿನಾ ಅದೇ ಮಾತು ಅಂತಾ ಕುಂತೈತೆ. ಬರ್ತೈತೆ, ಬರ್ತೈತೆ, ಬರ್ತೈತೆ ಅಂತ. ನಾನು ನಿದ್ದೆ ಮಾಡುವಾಗ್ಲೂ ಅಂತೈತೆ. ಅವ್ವ ಎಷ್ಟು ದಿನ ಅಂತ ಕೇಳಿಸ್ಕಂತಾಳೆ?"

"ತಿದ್ದಿದರೆ ಕೆಲಸ ಹೋಗುತ್ತೆ ಜುಂಜಯ್ಯ. ಹಗ್ಗ ಮುಟ್ಟೋಕೂ ಬಿಡಲ್ಲ."

"ಕೈಯೇ ಹೋಗೈತಲ್ಲ ಸಾಮಿ, ಹಗ್ಗ ಮುಟ್ಟಿ ಏನು ಮಾಡ್ಲಿ?"

ಸಾಹೇಬರ ಬೆರಳು ನನಗೆ ನೆನಪಿತ್ತು. ನನಗೂ ಸಂಸಾರವಿತ್ತು, ಟೈಪ್‌ರೈಟರ್ ಮೇಲೆ ಪ್ರೀತಿಯಿತ್ತು. ಇವನ ಹುದ್ದೆಯೂ ಉಳಿಯಬೇಕು, ಇವನ ಭಯವೂ ಹೋಗಬೇಕು, ನನ್ನ ಕುರ್ಚಿಯೂ ಅಲುಗಬಾರದು. ಮೂರಕ್ಕೂ ಸೇರಿ ಒಂದೇ ಮದ್ದು ಹೊಳೆಯಿತು. ಬಿಳಿ ಹಾಳೆ ಸೇರಿಸಿ, ಅದೇ ಫಾರಂನಂತೆ ಗೆರೆ ಎಳೆದು, ಜುಂಜಯ್ಯನಿಗೆ ಈಜು ಬಾರದು ಎಂದು ಇಂಗ್ಲಿಷಿನಲ್ಲಿ ಸೊಗಸಾಗಿ ಟೈಪ್ ಮಾಡಿದೆ. ಕೆಳಗೆ ಆಫೀಸಿನ ಗುಂಡು ಮುದ್ರೆ ಒತ್ತಿದೆ. "ನೋಡು, ತಿದ್ದಿದೆ. ಯಾರಿಗೂ ಹೇಳಬೇಡ," ಎಂದೆ. ಓದಲು ಬಾರದ ಆ ಮನುಷ್ಯ ಮುದ್ರೆಯ ಮೇಲೆ ಬೆರಳಾಡಿಸಿ ಕಣ್ಣಿಗೊತ್ತಿಕೊಂಡ.

"ಸಾಮಿ, ಇದನ್ನ ಅವ್ವಂಗೆ ಒಂದ್ಸಲ ಓದಿ ಹೇಳ್ತೀರಾ?"

ಅಲ್ಲಿಗೂ ಹೋದೆ. ಹುಣಸೆಮರದ ಕೆಳಗೆ, ಪಾದ ನೀರಿಗೆ ತಾಕುವಂತೆ ನಿಂತು, ಕಾನ್ವೆಂಟಿನಲ್ಲಿ ಪದ್ಯಕ್ಕೆ ಬಹುಮಾನ ತಂದ ಅದೇ ದನಿಯಲ್ಲಿ ಆ ಸುಳ್ಳು ಕಾಗದವನ್ನು ವೇದಾವತಿಗೆ ಓದಿದೆ.

"ಅವ್ವಂಗೆ ಇಂಗ್ಲಿಸ್ ತಿಳೀತೈತಾ?" ಎಂದ ಜುಂಜಯ್ಯ ಮೆಲ್ಲಗೆ.

"ದೊರೆಗಳ ಕಾಲದಿಂದ ಕೇಳ್ತಾ ಬಂದೋಳು, ತಿಳಿಯದೆ ಏನು?" ಎಂದೆ. ಮುದ್ದಕ್ಕ ನನ್ನನ್ನೇ ನೋಡುತ್ತಿದ್ದಳು. ನಂಬಿದಳೋ ಇಲ್ಲವೋ ಹೇಳಲಾರೆ. ನಂಬಬೇಕೆಂದು ಆಸೆಪಟ್ಟಿದ್ದಳು, ಅಷ್ಟು ಕಂಡಿತು.

ಮರುದಿನ ಬೆಳಿಗ್ಗೆ ಅವನು ಸೋರೆಬುರುಡೆ ಬಿಚ್ಚಿ ಮನೆಯ ಸೂರಿಗೆ ಸಿಕ್ಕಿಸಿದ. ದೋಣಿ ಹತ್ತಿ ಹಗ್ಗ ಹಿಡಿದ. ಆ ದಡ ಮುಟ್ಟಿ ಈ ದಡಕ್ಕೆ ಬಂದ. ಕೆಂಚಣ್ಣ "ಏನ್ಲೇ, ಕೂಸನ್ನ ಅಜ್ಜಿ ಮನೇಲಿ ಬಿಟ್ಟು ಬಂದ್ಯಾ?" ಎಂದಾಗ, "ಹೂನ್ಲೇ, ನಿಮ್ಮಪ್ಪ ಯಾರು ಅಂತ ಹುಡುಕ್ಕಂಡು ಬರಾಕೆ ಕಳ್ಸೀನಿ," ಎಂದು ತಿರುಗಿಸಿ ಕೊಟ್ಟನಂತೆ. ಆ ಸುದ್ದಿ ಕೇಳಿ ನನಗೆ ಬಹಳ ಹೆಮ್ಮೆಯಾಯಿತು. ವೈದ್ಯರು ಸಕ್ಕರೆ ಗುಳಿಗೆ ಕೊಟ್ಟು ವಾಸಿಮಾಡುತ್ತಾರೆ. ನಾನು ಅಕ್ಕರೆ ಗುಳಿಗೆ ಕೊಟ್ಟೆ ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ. ಐದು ತಿಂಗಳು ಚೆನ್ನಾಗಿ ನಡೆಯಿತು.

ಎಪ್ಪತ್ನಾಲ್ಕರ ಡಿಸೆಂಬರಿನ ಒಂದು ಭಾನುವಾರ ಸಾಹೇಬರು ಬೆಂಗಳೂರಿನ ಅತಿಥಿಗಳನ್ನು ಕರೆದುಕೊಂಡು ದೋಣಿ ನೋಡಲು ಬಂದರು. ಗಂಡ, ಹೆಂಡತಿ, ಗಂಡನ ಕೊರಳಲ್ಲಿ ಕ್ಯಾಮೆರಾ. ಫ್ಲಾಸ್ಕು ಹಿಡಿದುಕೊಳ್ಳಲು ನನ್ನನ್ನೂ ಹತ್ತಿಸಿಕೊಂಡರು. ಮುದ್ದಕ್ಕ ದಡದಲ್ಲಿ ಸಾಹೇಬರ ಕಾರಿನ ಪಕ್ಕ ನಿಂತಿದ್ದಳು. ಒಳ್ಳೆಯ ಬಿಸಿಲು, ತಿಳಿನೀರು. ಜುಂಜಯ್ಯ ಖಾಕಿಯಲ್ಲಿ ಹಗ್ಗ ಎಳೆಯುತ್ತಿದ್ದ ಗತ್ತಿಗೆ ಕ್ಯಾಮೆರಾ ಮೂರು ಸಲ ಕಣ್ಣು ಮಿಟುಕಿಸಿತು.

ನಡುನೀರು. ಆಕೆಗೆ ಸ್ವಲ್ಪ ಹೆದರಿಕೆ. ಸಾಹೇಬರು ಧೈರ್ಯ ಹೇಳಿದರು: "ಏನೂ ಭಯ ಇಲ್ಲಮ್ಮ. ನಮ್ಮ ಜುಂಜಯ್ಯ ಈಜಿನಲ್ಲಿ ಎಕ್ಸ್‌ಪರ್ಟು."

ಆಕೆ ನಗುತ್ತ ಅವನ ಕಡೆ ತಿರುಗಿದಳು. "ಹೌದೇನಪ್ಪ? ಚೆನ್ನಾಗಿ ಬರುತ್ತಾ?"

"ಇಲ್ಲ ತಾಯಿ," ಎಂದ ಜುಂಜಯ್ಯ ನೆಮ್ಮದಿಯಾಗಿ, ಎಳೆತ ನಿಲ್ಲಿಸದೆ. "ಬರಾಕಿಲ್ಲ. ಅವ್ವ ದಾಟಿಸ್ತಾಳೆ."

ಸಾಹೇಬರ ಮುಖ ಕೆಂಪಾಯಿತು. "ಏನಯ್ಯ ಇದು ಹುಡುಗಾಟ? ಅವತ್ತು ನನ್ನೆದುರಿಗೆ ಬರುತ್ತೆ ಅಂದೆಯಲ್ಲ?"

"ಅಂದಿದ್ದೆ ಸಾಮಿ. ಆಮ್ಯಾಲೆ ಅದನ್ನ ತೆಗ್ಸೀನಿ. ಪೇಪರ್ನಾಗೂ ಬರಾಕಿಲ್ಲ ಅಂತಾನೇ ಐತೆ."

"ಯಾವ ಪೇಪರ್ರು? ಬರುತ್ತೆ ಅಂತ ಇದೆ, ನಾನು ಸಹಿ ಹಾಕಿದೀನಿ!"

ಜುಂಜಯ್ಯ ನಿಂತ. ಹಗ್ಗ ಕೈಯಲ್ಲೇ ಇತ್ತು. ನನ್ನ ಕಡೆ ತಿರುಗಿದ. ಅವನ ಮುಖದಲ್ಲಿ ಅನುಮಾನ ಸ್ವಲ್ಪವೂ ಇರಲಿಲ್ಲ. ಸಾಹೇಬರು ಮರೆತಿದ್ದಾರೆ, ನೆನಪಿಸಿಬಿಡಿ ಎನ್ನುವಂತಿತ್ತು.

"ಸಾಮಿ, ನೀವೇ ಹೇಳ್ರಿ. ಏನೈತೆ ಪೇಪರ್ನಾಗೆ?"

ಸಾಹೇಬರೂ ನನ್ನ ಕಡೆ ತಿರುಗಿದರು. ಮಾತನ್ನು ಹೇಗೆ ಬೇಕಾದರೂ ತೇಲಿಸುತ್ತೇನೆಂದು ನನಗೆ ಹೆಸರಿತ್ತು. ಸುತ್ತ ಅಷ್ಟು ನೀರಿತ್ತು, ಒಂದು ಮಾತೂ ತೇಲಲಿಲ್ಲ. 'ನಾನು ತಪ್ಪು ಮಾಡಿದೆ ಸಾರ್' ಅನ್ನಬಹುದಿತ್ತು. 'ಎರಡು ಕಾಗದ ಇವೆ' ಅನ್ನಬಹುದಿತ್ತು. ಸಾಹೇಬರ ಹುಬ್ಬು ನೋಡಿಕೊಂಡು, ಫ್ಲಾಸ್ಕನ್ನು ಎದೆಗೆ ಒತ್ತಿಕೊಂಡು ಹೇಳಿದೆ:

"ಬರುತ್ತೆ ಅಂತಾನೇ ಇದೆ."

ಜುಂಜಯ್ಯ ನೀರಿನ ಕಡೆ ಒಮ್ಮೆ ನೋಡಿದ. ಎರಡೂ ಕೈ ಬಿಚ್ಚಿಕೊಂಡವು. ಹಾಗೇ ಕುಸಿದು, ತಳದ ಒದ್ದೆ ಹಲಗೆಯ ಮೇಲೆ ಮೊಣಕಾಲು ಅಪ್ಪಿಕೊಂಡು ಕೂತುಬಿಟ್ಟ. ಹಗ್ಗ ಕಬ್ಬಿಣದ ಬಳೆಯೊಳಗೇ ಇದ್ದುದರಿಂದ ದೋಣಿ ಎಲ್ಲಿಗೂ ಹೋಗಲಿಲ್ಲ. ಎಲ್ಲಿಗೂ ಹೋಗಲಿಲ್ಲ ಎನ್ನುವುದೇ ತೊಂದರೆಯಾಯಿತು. ಆಕೆ ಕಿರುಚಿದಳು. ಸಾಹೇಬರು "ಏಳೋ, ಏಳೋ!" ಎಂದು ಗದರಿ, ತಾವೇ ಹಗ್ಗ ಹಿಡಿದು ಎರಡು ಸಲ ಜಗ್ಗಿದರು. ನಾರು ಅಂಗೈಯನ್ನು ಸುಲಿಯಿತು. ಮೂರನೆಯ ಸಲ ಜಗ್ಗಲಿಲ್ಲ. ಅತಿಥಿ ಮಹಾಶಯರು ಕ್ಯಾಮೆರಾವನ್ನು ತಲೆಯ ಮೇಲೆ ಎತ್ತಿ ಹಿಡಿದು ಕೂತರು. ನಾನೂ ಹಗ್ಗ ಹಿಡಿದೆ. ಬೆರಳಚ್ಚಿನ ಬೆರಳುಗಳು, ಅಚ್ಚು ಬಿದ್ದಿತೇ ಹೊರತು ದೋಣಿ ಅಲುಗಲಿಲ್ಲ.

ಅಷ್ಟರಲ್ಲಿ ದಡದಿಂದ ಧುಮುಕಿದ ಸದ್ದು. ಮುದ್ದಕ್ಕ ಸೀರೆ ಕಚ್ಚೆ ಬಿಗಿದು ನೀರಿಗೆ ಹಾರಿದ್ದಳು. ಕಪ್ಪೆಯ ಹಾಗೆ ಕೈಕಾಲು ಬಡಿಯುತ್ತ, ಬಾವಿ ಈಜು ಈಜಿಕೊಂಡು ನಲವತ್ತು ಮಾರು ಬಂದಳು. ದೋಣಿಯ ಅಂಚು ಹಿಡಿದು ಹತ್ತಿ, ನೀರು ಸುರಿಯುತ್ತ, ಗಂಡನ ತಲೆಯ ಮೇಲೆ ಒಮ್ಮೆ ಕೈಯಿಟ್ಟಳು. ಆಮೇಲೆ ಯಾರ ಮುಖವನ್ನೂ ನೋಡದೆ ಹಗ್ಗ ಹಿಡಿದು ನಮ್ಮೆಲ್ಲರನ್ನೂ ದಡಕ್ಕೆ ಎಳೆದು ತಂದಳು. ಬೆಂಗಳೂರಿನಾಕೆ ಚಪ್ಪಾಳೆ ತಟ್ಟಿದಳು. ಆಕೆಯ ಗಂಡ ಫೋಟೋ ತೆಗೆದ.

ಮೂರು ದಿನದಲ್ಲಿ ಆದೇಶ ಬಂತು. ಆರೋಪ ಎರಡು: ಈಜಿನ ವಿಷಯದಲ್ಲಿ ಸುಳ್ಳು ಹೇಳಿಕೆ ಕೊಟ್ಟದ್ದು, ಸರ್ಕಾರಿ ಹಗ್ಗವನ್ನು ಸಂಬಂಧಪಡದ ಹೆಂಗಸಿನ ಕೈಗೆ ಕೊಟ್ಟದ್ದು. ಆ ಎರಡನ್ನೂ, ಕೆಳಗಿನ 'ಕೆಲಸದಿಂದ ವಜಾ' ಎಂಬುದನ್ನೂ ಟೈಪ್ ಮಾಡಿದವನು ನಾನು. ಒಂದಕ್ಷರ ತಪ್ಪಿರಲಿಲ್ಲ. ಅಂದೇ ನನ್ನ ಮೇಜಿನ ಡ್ರಾಯರಿನಲ್ಲಿದ್ದ ಆ ಎರಡನೆಯ ಸುಳ್ಳು ಹಾಳೆಯನ್ನು ಸಾಹೇಬರ ಮುಂದಿಟ್ಟು ನಿಜ ಹೇಳಬೇಕೆಂದು ಅವರ ಕೋಣೆಯ ಪರದೆಯವರೆಗೆ ಹೋಗಿದ್ದೆ. ಪರದೆಗೆ ಹೊಸ ಬಟ್ಟೆ ಹಾಕಿದ್ದರು, ಬಹಳ ಚೆನ್ನಾಗಿತ್ತು. ನೋಡಿಕೊಂಡು ವಾಪಸು ಬಂದೆ.

ಗೊಲ್ಲಪ್ಪನನ್ನು ಕರೆಸಿ ಹುದ್ದೆ ಕೊಟ್ಟರು. ಅವನು ಹನ್ನೊಂದು ದಿನ ಎಳೆದ. ಹನ್ನೆರಡನೆಯ ದಿನ ಬೊಬ್ಬೆಯೆದ್ದ ಕೈಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹಿರಿಯೂರಿನ ಬಸ್ಸು ಹತ್ತಿದ. ಮುದ್ದಕ್ಕ ಮತ್ತೊಮ್ಮೆ ಬಂದು, ಸಂಬಳ ಬೇಡ, ಹಗ್ಗ ಕೊಡಿ ಎಂದು ಕೇಳಿದಳು. ಹೆಂಗಸರಿಗೆ ಅವಕಾಶವಿಲ್ಲ ಎಂದರು ಸಾಹೇಬರು. ಅವರ ಅಂಗೈ ಪಟ್ಟಿ ಇನ್ನೂ ಬಿಚ್ಚಿರಲಿಲ್ಲ. ದೋಣಿ ಅಪಾಯಕಾರಿ ಎಂದು ತೀರ್ಮಾನವಾಯಿತು. ಲಾರಿಯಲ್ಲಿ ತಂದು ಬಂಗಲೆಯ ಹುಲ್ಲಿನ ಮೇಲೆ, ಸಿಮೆಂಟಿನ ಜಿಂಕೆಯ ಪಕ್ಕದಲ್ಲಿ ನಿಲ್ಲಿಸಿ ಬಣ್ಣ ಹೊಡೆದರು. ಒಣನೆಲದಲ್ಲಿ ಅದು ಎರಡು ಬೇಸಿಗೆಗೆ ಸೀಳಿಹೋಯಿತು. ಎರಡೂ ದಡದವರು ಒಂಬತ್ತು ಮೈಲಿ ಸುತ್ತು ಹಾಕಿ ಓಡಾಡಲು ಕಲಿತರು. ಕೆಂಚಣ್ಣ ಎಳನೀರು ತರುವುದನ್ನು ನಿಲ್ಲಿಸಿದ.

ಜುಂಜಯ್ಯ, ಮುದ್ದಕ್ಕ ಹೊಳಲ್ಕೆರೆಗೆ ಹೋದರೆಂದು ಯಾರೋ ಹೇಳಿದರು. ಎಪ್ಪತ್ತೆಂಟರಲ್ಲಿ ಒಂದು ಮಧ್ಯಾಹ್ನ ಅಲ್ಲಿ ಬಸ್ಸು ಬದಲಿಸಲು ಇಳಿದವನು ಹುಡುಕಿಕೊಂಡು ಹೋದೆ. ಕೊಬ್ಬರಿ ಮಂಡಿಯ ಹಿಂದಿನ ತಗಡಿನ ಸಾಲಿನಲ್ಲಿ ಮನೆ. ಜುಂಜಯ್ಯ ಮೂಟೆ ಹೊರುವ ಕೆಲಸ ಬಿಟ್ಟು ವರ್ಷವಾಗಿತ್ತಂತೆ. ಬಾಗಿಲಲ್ಲಿ ಕೂತು ಹರಿದ ಗೋಣಿಚೀಲ ಹೊಲಿಯುತ್ತಿದ್ದ. ಕಣ್ಣು ಕಿರಿದು ಮಾಡಿ ಗುರುತು ಹಿಡಿದ.

"ಓ, ಸಾಮಿ! ಬರ್ರಿ ಬರ್ರಿ, ಕುಂತ್ಕಳ್ರಿ. ಏ ಇವ್ಳೇ, ಯಾರು ಬಂದವ್ರೆ ನೋಡು."

ಒಂದು ಖಾಲಿ ಚೀಲ ಕೊಡವಿ ಹಾಸಿದ. ನಾನು ಕೂತೆ. ಮುದ್ದಕ್ಕ ಒಳಗಿನಿಂದ ಒಮ್ಮೆ ನೋಡಿ ಒಲೆಯ ಕಡೆ ತಿರುಗಿದಳು.

ನಾಲ್ಕು ವರ್ಷದಿಂದ ಬಾಯಿಪಾಠ ಮಾಡಿಕೊಂಡದ್ದನ್ನು ಹೇಳಿದೆ. ನಿನ್ನ ಒಳ್ಳೆಯದಕ್ಕೇ ಮಾಡಿದೆ, ಹೀಗಾಗುತ್ತದೆಂದು ತಿಳಿಯಲಿಲ್ಲ, ಅವತ್ತು ದೋಣಿಯಲ್ಲಿ ಹೆದರಿಬಿಟ್ಟೆ ಎಂದು. ಜುಂಜಯ್ಯ ಸೂಜಿ ನಿಲ್ಲಿಸದೆ ಕೇಳಿದ.

"ನಿಮ್ದೇನೂ ತಪ್ಪಿಲ್ಲ ಬಿಡ್ರಿ ಸಾಮಿ," ಎಂದ. "ಅವ್ವನ ಮುಂದೆ ಹಂಗೆ ಅಂದೋನು ನಾನು. ನೀವು ಎಷ್ಟು ಒದ್ದಾಡಿದ್ರಿ, ಪಾಪ. ಕೆಲ್ಸ ಬಿಟ್ಟು ಹೊಳೆತಂಕ ಬಂದು ಓದಿದ್ರಿ."

ಅಣಕಿಸುತ್ತಿದ್ದಾನೇನೋ ಎಂದು ಅವನ ಮುಖ ನೋಡಿದೆ. ಅಣಕವಿರಲಿಲ್ಲ. ಇದ್ದಿದ್ದರೆ ಸಮಾಧಾನವಾಗುತ್ತಿತ್ತು.

ಬಿಸಿಲಿನಲ್ಲಿ ನಡೆದು ಬಂದವನಿಗೆ ಗಂಟಲು ಒಣಗಿತ್ತು. ನಮ್ಮ ಕಡೆ ಮನೆಗೆ ಬಂದವರು ಶತ್ರುವಾದರೂ ಮೊದಲು ಒಂದು ತಂಬಿಗೆ ನೀರು ತಂದಿಡುತ್ತಾರೆ, ಮಾತು ಆಮೇಲೆ. ಒಳಗೆ ಮುದ್ದಕ್ಕ ಕೊಡದಿಂದ ನೀರು ಬಗ್ಗಿಸುವ ಸದ್ದಾಯಿತು. ತಂಬಿಗೆ ಹಿಡಿದು ಬಾಗಿಲಿಗೆ ಬಂದಳು. ಗಂಡನ ಕೈಗೆ ಕೊಟ್ಟಳು. ಅವನು ಕುಡಿದ. ಖಾಲಿ ತಂಬಿಗೆ ತೆಗೆದುಕೊಂಡು ಅಲ್ಲೇ ನಿಂತು ನನಗೆ ಹೇಳಿದಳು:

"ಹೊತ್ತಾತು ಸಾಮಿ. ನಿಮ್ಮ ಬಸ್ಸು ಹೋಗ್ತೈತೆ."

ದುರ್ಗದ ಬಸ್ಸಿಗೆ ಇನ್ನೂ ಒಂದೂವರೆ ಗಂಟೆಯಿತ್ತು. ದಿನಾ ಬಸ್ಸುಗಳ ಹಾರ್ನು ಕೇಳುತ್ತ ಮಂಡಿಯ ಪಕ್ಕದಲ್ಲಿ ಬದುಕುವ ಅವಳಿಗೆ ಅದು ನನಗಿಂತ ಚೆನ್ನಾಗಿ ಗೊತ್ತಿತ್ತು. "ಹೌದು, ಹೋಗುತ್ತೆ," ಎಂದು ಎದ್ದೆ.